ತಿಮಿಂಗಿಲ ಹೋದರೆ ಕ್ರಿಲ್ ಹೆಚ್ಚಬೇಕಿತ್ತಲ್ಲವೇ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಹುಲಿ ಇಲ್ಲದ ಕಾಡಿನಲ್ಲಿ ಜಿಂಕೆಗಳು ಹೆಚ್ಚುತ್ತವೆ ಎಂದು ಪಾಠ ಮಾಡುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು, ‘ಹಾಗಾದರೆ ಅಂಟಾರ್ಕ್ಟಿಕದಲ್ಲಿ ತಿಮಿಂಗಿಲಗಳನ್ನು ಕೊಂದ ಮೇಲೆ ಅವು ತಿನ್ನುತ್ತಿದ್ದ ಕ್ರಿಲ್ ಹೆಚ್ಚಾಯಿತೇ ಸರ್?’ ಎಂದು ಕೇಳಿದಳು. ಹೆಚ್ಚಾಗಿರಲೇಬೇಕು ಎಂದುಬಿಟ್ಟೆ. ಮನೆಗೆ ಬಂದು ಹುಡುಕಿದರೆ, ಕ್ರಿಲ್ ಕಡಿಮೆಯಾಗಿದೆ ಎಂದು ಒಂದು ಕಡೆ, ಹಾಗೇನೂ ಇಲ್ಲ ಎಂದು ಇನ್ನೊಂದು ಕಡೆ ಇದೆ. ಮಕ್ಕಳಿಗೆ ಏನು ಹೇಳಲಿ? ಜೊತೆಗೆ ಒಂದು ಸ್ವಂತದ ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗ ಕ್ರಿಲ್ ಎಣ್ಣೆಯ ಮಾತ್ರೆ ಕಳಿಸಿದ್ದಾನೆ. ಮೀನೆಣ್ಣೆಗಿಂತ ಇದು ಮೇಲು ಎನ್ನುತ್ತಾರೆ, ನಿಜವೇ?

ಉತ್ತರ: ಮೇಷ್ಟರೇ, ನೀವು ಕೊಟ್ಟ ಉತ್ತರಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಅರ್ಧ ಶತಮಾನದ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳೂ ಅದನ್ನೇ ಹೇಳುತ್ತಿದ್ದರು. ಬ್ರಿಟನ್ನಿನ ರಿಚರ್ಡ್ ಲಾಸ್ ಎಂಬ ಪ್ರಾಣಿಶಾಸ್ತ್ರಜ್ಞ 1977ರಲ್ಲಿ ಕೂಡಿ ಕಳೆದು ಒಂದು ಲೆಕ್ಕ ಕೊಟ್ಟರು. ಸತ್ತ ತಿಮಿಂಗಿಲಗಳು ಬದುಕಿದ್ದರೆ ಇಷ್ಟು ತಿನ್ನುತ್ತಿದ್ದವು, ಈಗ ತಿನ್ನುತ್ತಿಲ್ಲ, ಆದ್ದರಿಂದ ವರ್ಷಕ್ಕೆ ಸುಮಾರು 15 ಕೋಟಿ ಟನ್ ಕ್ರಿಲ್ ಮಿಗುತ್ತಿರಬೇಕು ಎಂಬುದು ಅದರ ಸಾರ. ಮಿಕ್ಕಿದ್ದನ್ನು ಮನುಷ್ಯರೇ ಹಿಡಿದು ತಿನ್ನಬಹುದಲ್ಲ ಎಂಬ ಆಸೆ ಆ ಹೊತ್ತಿಗಾಗಲೇ ಹುಟ್ಟಿತ್ತು. ಸೋವಿಯತ್ ಒಕ್ಕೂಟ ಮತ್ತು ಜಪಾನಿನ ಹಡಗುಗಳು ಬಲೆ ಹೊತ್ತು ದಕ್ಷಿಣಕ್ಕೆ ಹೊರಟಿದ್ದವು. ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಅಂಟಾರ್ಕ್ಟಿಕ ವಿಜ್ಞಾನದ ಒಂದು ಹಳೆಯ, ಇನ್ನೂ ಪೂರ್ತಿ ತೀರದ ವ್ಯಾಜ್ಯವನ್ನು. ಅವಳಿಗೆ ನನ್ನ ಪರವಾಗಿ ಒಂದು ಶಹಬ್ಬಾಸ್ ಹೇಳಿ.

ಮೊದಲು ಕ್ರಿಲ್ ಎಂದರೆ ಯಾರು ಎಂಬುದನ್ನು ನೋಡೋಣ. ಈ ಹೆಸರು ನಾರ್ವೆಯ ತಿಮಿಂಗಿಲ ಬೇಟೆಗಾರರಿಂದ ಬಂದದ್ದು. ಅವರ ಭಾಷೆಯಲ್ಲಿ ಅದಕ್ಕೆ ಮೀನಿನ ಪುಟ್ಟ ಮರಿ ಎಂದು ಅರ್ಥ. ಕ್ರಿಲ್ ಮೀನಲ್ಲ, ಸಿಗಡಿಯೂ ಅಲ್ಲ. ಸಿಗಡಿಯ ಕಿವಿರು ಬೆನ್ನಿನ ಚಿಪ್ಪಿನೊಳಗೆ ಮುಚ್ಚಿಕೊಂಡಿದ್ದರೆ, ಕ್ರಿಲ್‌ನ ಕಿವಿರು ಕಾಲುಗಳ ಬುಡದಲ್ಲಿ ಕುಚ್ಚಿನಂತೆ ಹೊರಗೇ ಕಾಣುತ್ತದೆ. ಮೈಮೇಲೆ ನೀಲಿ ಬೆಳಕು ಸೂಸುವ ಸಣ್ಣ ಸಣ್ಣ ದೀಪಗಳಿವೆ. ಪ್ರಪಂಚದ ಸಮುದ್ರಗಳಲ್ಲಿ ಕ್ರಿಲ್‌ನ 80ಕ್ಕೂ ಹೆಚ್ಚು ಜಾತಿಗಳಿವೆ, ನಮ್ಮ ಅರಬ್ಬಿ ಸಮುದ್ರದಲ್ಲೂ ಕೆಲವು ಇವೆ. ಆದರೆ ಬರೀ ‘ಕ್ರಿಲ್’ ಎಂದಾಗ ಎಲ್ಲರ ಮನಸ್ಸಿಗೆ ಬರುವುದು ಅಂಟಾರ್ಕ್ಟಿಕದ ಯೂಫಾಸಿಯಾ ಸುಪರ್ಬಾ. ನನ್ನ ಉತ್ತರವೂ ಅದರ ಕುರಿತೇ.

ಇದು ಹೆಚ್ಚೆಂದರೆ ನಮ್ಮ ಕಿರುಬೆರಳಿನಷ್ಟು, ಆರು ಸೆಂಟಿಮೀಟರ್. ತೂಕ ಒಂದೆರಡು ಗ್ರಾಂ. ಮೈ ಗಾಜಿನಂತೆ ಪಾರದರ್ಶಕ, ಅದರ ಮೇಲೆ ಕುಂಕುಮ ಚಿಮುಕಿಸಿದಂತೆ ಕೆಂಪು ಚುಕ್ಕೆಗಳು, ಸಾಸಿವೆ ಅಂಟಿಸಿದಂತೆ ಎರಡು ಕಪ್ಪು ಕಣ್ಣು. ಪಾಚಿ ತಿಂದು ಬಂದಿದ್ದರೆ ಹೊಟ್ಟೆಯ ಭಾಗ ಹಸಿರಾಗಿ ಹೊರಗೇ ಕಾಣುತ್ತದೆ. ನಾನು ಪಾಠ ಮಾಡುತ್ತಿದ್ದಾಗ ಪ್ರಯೋಗಶಾಲೆಯಲ್ಲಿ ಫಾರ್ಮಲಿನ್ ಬಾಟಲಿಯಲ್ಲಿಟ್ಟ ಒಂದು ಕ್ರಿಲ್ ಇತ್ತು. ಬಣ್ಣವೆಲ್ಲ ಹೋಗಿ ಬೆಂದ ಅವಲಕ್ಕಿಯಂತೆ ಬಿಳಿಚಿಕೊಂಡಿದ್ದ ಅದನ್ನು ತೋರಿಸಿ ‘ಇದನ್ನು ತಿಂದೇ ನೀಲಿ ತಿಮಿಂಗಿಲ ಬದುಕುವುದು’ ಎಂದರೆ ಹಿಂದಿನ ಬೆಂಚಿನಲ್ಲಿ ನಗು ಏಳುತ್ತಿತ್ತು. ಆ ನಗು ಸಹಜವೇ. ಒಂದನ್ನು ನೋಡಿದರೆ ಕ್ರಿಲ್ ಅರ್ಥವಾಗುವುದಿಲ್ಲ.

ಕ್ರಿಲ್‌ನ ನಿಜವಾದ ದೇಹ ಅದರ ಹಿಂಡು. ಒಂದು ಘನ ಮೀಟರ್ ನೀರಿನಲ್ಲಿ, ಎಂದರೆ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿನಷ್ಟು ಜಾಗದಲ್ಲಿ, ಹತ್ತು ಸಾವಿರಕ್ಕೂ ಮಿಕ್ಕಿ ಕ್ರಿಲ್‌ಗಳು ಒತ್ತೊತ್ತಾಗಿ ಈಜುವುದುಂಟು. ಹೀಗೆ ಕಿಲೋಮೀಟರ್‌ಗಟ್ಟಲೆ. ದಕ್ಷಿಣ ಸಾಗರದ ಕ್ರಿಲ್‌ಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದರೆ ಸುಮಾರು 38 ಕೋಟಿ ಟನ್ ಆಗಬಹುದೆಂದು 2009ರಲ್ಲಿ ಮಾಡಿದ ಅಂದಾಜು ಹೇಳುತ್ತದೆ. ಭೂಮಿಯ ಮೇಲಿರುವ ಮನುಷ್ಯರೆಲ್ಲರನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂರಿಸಿದರೆ ಮುಳ್ಳು ಹೆಚ್ಚು ವಾಲಲಾರದು. ಈ ಹಿಂಡಿನ ಸ್ವಭಾವ ಇಲ್ಲದಿದ್ದರೆ ತಿಮಿಂಗಿಲವೂ ಇರುತ್ತಿರಲಿಲ್ಲ. ನೀಲಿ ತಿಮಿಂಗಿಲ ಒಂದೊಂದನ್ನೇ ಹುಡುಕಿ ತಿನ್ನುವ ಪ್ರಾಣಿಯಲ್ಲ. ಹಿಂಡಿನೊಳಕ್ಕೆ ನುಗ್ಗಿ ಬಾಯಿ ತೆರೆದರೆ ಗಂಟಲಿನ ಮಡಿಕೆಗಳು ಬಿಚ್ಚಿಕೊಂಡು, ತನ್ನ ಮೈತೂಕಕ್ಕೆ ಸಮೀಪದಷ್ಟು ನೀರು ಒಂದೇ ಗುಕ್ಕಿಗೆ ಒಳಬರುತ್ತದೆ. ನಂತರ ಬಾಯಿ ಮುಚ್ಚಿ, ಮೇಲ್ದವಡೆಯಿಂದ ಇಳಿಬಿದ್ದ ಜರಡಿಯ ಪಟ್ಟಿಗಳ ನಡುವಿನಿಂದ ನೀರನ್ನು ಹೊರದಬ್ಬುತ್ತದೆ. ಒಳಗೆ ಉಳಿದದ್ದು ಊಟ. ನೀರು ತೆಳುವಾಗಿದ್ದರೆ, ಎಂದರೆ ಹಿಂಡು ಚದುರಿದ್ದರೆ, ಬಾಯಿ ತೆರೆದು ಮುಚ್ಚುವ ಶ್ರಮಕ್ಕೇ ಗಳಿಕೆ ಸಾಲುವುದಿಲ್ಲ.

ಇಷ್ಟು ದೊಡ್ಡ ಪ್ರಾಣಿ ಇಷ್ಟು ಸಣ್ಣದನ್ನು ತಿನ್ನುವುದೇಕೆ ಎಂದು ಮಕ್ಕಳು ಕೇಳುತ್ತಾರೆ. ದೊಡ್ಡದಾಗಲು ಸಾಧ್ಯವಾದದ್ದೇ ಸಣ್ಣದನ್ನು ತಿಂದದ್ದರಿಂದ. ನೀವು ಕಪ್ಪು ಹಲಗೆಯ ಮೇಲೆ ಬರೆಯುವ ಹತ್ತನೇ ಒಂದು ಪಾಲಿನ ನಿಯಮವನ್ನೇ ಇಲ್ಲಿ ಹಾಕಿ ನೋಡಿ: ಸಾವಿರ ಕಿಲೋ ಡಯಾಟಮ್ ಪಾಚಿಯಿಂದ ನೂರು ಕಿಲೋ ಕ್ರಿಲ್, ಅದರಿಂದ ಹತ್ತು ಕಿಲೋ ತಿಮಿಂಗಿಲ. ಇದೇ ಪಾಚಿಯನ್ನು ಕಣ್ಣಿಗೆ ಕಾಣದಷ್ಟು ಚಿಕ್ಕ ಪ್ಲವಕ ತಿಂದು, ಅದನ್ನು ಮರಿಮೀನು ತಿಂದು, ಅದನ್ನು ದೊಡ್ಡ ಮೀನು ತಿಂದು, ಆಮೇಲೆ ತಿಮಿಂಗಿಲದ ಬಾಯಿಗೆ ಬಂದಿದ್ದರೆ ಕೊನೆಗೆ ಉಳಿಯುತ್ತಿದ್ದುದು ನೂರು ಗ್ರಾಂ. ಸೂಕ್ಷ್ಮ ಪಾಚಿಗೂ ನೂರು ಟನ್ನಿನ ಪ್ರಾಣಿಯ ಬಾಯಿಗೂ ನಡುವೆ ದಲ್ಲಾಳಿ ಒಬ್ಬನೇ. ಅಂಟಾರ್ಕ್ಟಿಕದ ವೈಭವದ ಗುಟ್ಟು ಇದು.

ಆ ದಲ್ಲಾಳಿಯ ಕೆಲಸ ನೋಡುವಂಥದ್ದು. ಎದೆಯ ಭಾಗದ ಕಾಲುಗಳಲ್ಲಿ ಬಾಚಣಿಗೆಯಂತಹ ಕೂದಲುಗಳಿವೆ. ಆ ಕಾಲುಗಳನ್ನೇ ಬುಟ್ಟಿಯಂತೆ ಅರಳಿಸಿ ನೀರನ್ನು ಸೋಸುತ್ತದೆ. ತಿಮಿಂಗಿಲ ಕ್ರಿಲ್ ಅನ್ನು ಸೋಸುತ್ತದೆ, ಕ್ರಿಲ್ ಪಾಚಿಯನ್ನು. ಚಳಿಗಾಲದಲ್ಲಿ ಸಮುದ್ರದ ಮೇಲೆ ಹಿಮ ಹೆಪ್ಪುಗಟ್ಟಿ ನೀರಿನಲ್ಲಿ ಪಾಚಿ ಇಲ್ಲವಾದಾಗ, ಹಿಮದ ಹಾಸಿನ ಕೆಳಮೈಗೆ ಅಂಟಿಕೊಂಡ ಪಾಚಿಯನ್ನು ತಲೆಕೆಳಗಾಗಿ ತೇಲುತ್ತ ಕೆರೆದು ತಿನ್ನುತ್ತದೆ, ನಾವು ಪಾತ್ರೆಯ ತಳದ ಸೀಕು ಕೆರೆಯುವಂತೆ. ಅದೂ ಇಲ್ಲದಿದ್ದರೆ? ಪ್ರಯೋಗಾಲಯವೊಂದರಲ್ಲಿ ಕ್ರಿಲ್ 211 ದಿನ ಉಪವಾಸ ಬದುಕಿ ತೋರಿಸಿತು. ಉಪವಾಸದಲ್ಲೂ ಅದು ಪೊರೆ ಬಿಡುವುದನ್ನು ನಿಲ್ಲಿಸುವುದಿಲ್ಲ. ಪ್ರತಿ ಸಲ ಹೊಸ ಪೊರೆ ಹಳೆಯದಕ್ಕಿಂತ ಚಿಕ್ಕದಾಗಿರುತ್ತದೆ. ಎಂದರೆ ಮೈಯನ್ನೇ ಕುಗ್ಗಿಸಿಕೊಂಡು ದಿನ ದೂಡುತ್ತದೆ. ಗಾತ್ರ ನೋಡಿ ಕ್ರಿಲ್‌ನ ವಯಸ್ಸು ಹೇಳಲು ಹೊರಟವರು ಇದರಿಂದ ಬಹಳ ಕಾಲ ತಬ್ಬಿಬ್ಬಾಗಿದ್ದರು. ಐದಾರು ವರ್ಷ ಬದುಕುವ ಜೀವವನ್ನು ಎರಡು ವರ್ಷದ್ದೆಂದು ತಿಳಿದರೆ ಹಿಡಿಯುವ ಮಿತಿಯ ಲೆಕ್ಕವೆಲ್ಲ ತಪ್ಪುತ್ತದೆ.

ಇದರ ಮೇಲೆ ಬದುಕುವವರ ಪಟ್ಟಿಯನ್ನು ನಾನು ಪೂರ್ತಿ ಕೊಡುವುದಿಲ್ಲ, ಅದು ಮುಗಿಯುವಂಥದ್ದಲ್ಲ. ನೀಲಿ, ಫಿನ್, ಗೂನುಬೆನ್ನಿನ ಮತ್ತು ಮಿಂಕೆ ತಿಮಿಂಗಿಲಗಳು, ಅಡೇಲಿ, ಜೆಂಟೂ, ಚಿನ್‌ಸ್ಟ್ರಾಪ್ ಪೆಂಗ್ವಿನ್‌ಗಳು, ಆಲ್ಬಟ್ರಾಸ್, ಪೆಟ್ರೆಲ್ ಹಕ್ಕಿಗಳು, ಮೀನು, ಮಾಣಿಕೆ (ಸ್ಕ್ವಿಡ್). ಅಡೇಲಿ ಪೆಂಗ್ವಿನ್‌ಗಳ ಹಿಕ್ಕೆಯಿಂದ ಬಂಡೆಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿರುತ್ತವೆ. ಅದು ಕ್ರಿಲ್‌ನ ಬಣ್ಣ. ಆದರೆ ನನಗೆ ಇಷ್ಟವಾದದ್ದು ‘ಏಡಿಭಕ್ಷಕ’ ಎಂಬ ಸೀಲ್. ಅದು ಏಡಿ ತಿನ್ನುವುದೇ ಇಲ್ಲ. ಅದರ ಆಹಾರದಲ್ಲಿ ಬಹುಪಾಲು ಕ್ರಿಲ್ಲೇ. ಹಲ್ಲುಗಳು ಮಾಂಸ ಹರಿಯುವ ಕೋರೆಗಳಲ್ಲ; ಪ್ರತಿ ಹಲ್ಲಿಗೂ ಕವಲುಗಳು, ಮೇಲಿನ ಹಲ್ಲು ಕೆಳಗಿನದಕ್ಕೆ ಕೂಡಿದಾಗ ನಡುವೆ ಜರಡಿಯ ಕಿಂಡಿಗಳು. ಜಗತ್ತಿನ ಸೀಲ್‌ಗಳಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಇದು. ಸೀಲ್‌ಗಳ ಜಗತ್ತಿನಲ್ಲಿ ಅತಿ ದೊಡ್ಡ ಕುಟುಂಬ ಬೆಳೆದದ್ದು ಆರು ಸೆಂಟಿಮೀಟರ್ ಜೀವವೊಂದನ್ನು ನಂಬಿ.

ಬುಡುಬುಡಿಕೆಯ ಆಕಾರ ನೆನಪಿಸಿಕೊಳ್ಳಿ. ಕೆಳಗೆ ಅಗಲ, ಅಲ್ಲಿ ನೂರಾರು ಬಗೆಯ ಪಾಚಿ. ಮೇಲೆ ಅಗಲ, ಅಲ್ಲಿ ತಿಮಿಂಗಿಲ, ಸೀಲ್, ಹಕ್ಕಿಗಳ ಜಾತ್ರೆ. ನಡುವಿನ ಸಣ್ಣ ಸೊಂಟದಲ್ಲಿ ಬಹುಮಟ್ಟಿಗೆ ಒಂದೇ ಜಾತಿ. ನಮ್ಮ ಕರಾವಳಿಯಲ್ಲೂ ಇಂಥ ಸೊಂಟವೊಂದಿದೆ: ಮುಂಗಾರಿನಲ್ಲಿ ತಳದ ನೀರು ಮೇಲೆದ್ದಾಗ ಹುಟ್ಟುವ ಡಯಾಟಮ್‌ಗಳನ್ನು ತಿಂದು ಕೊಬ್ಬುವ ಬೂತಾಯಿ ಮೀನು. ಬೂತಾಯಿ ಕೈಕೊಟ್ಟ ವರ್ಷ ಬಂದರಿನಲ್ಲಿ ಏನಾಗುತ್ತದೆ ಎಂಬುದನ್ನು ಮಂಗಳೂರು, ಮಲ್ಪೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದಕ್ಷಿಣ ಜಾರ್ಜಿಯಾ ದ್ವೀಪದಲ್ಲೂ ಹಾಗೆಯೇ. ಅಲ್ಲಿ ಕ್ರಿಲ್ ಹುಟ್ಟಿ ಬೆಳೆಯುವುದು ಕಡಿಮೆ. ಅಂಟಾರ್ಕ್ಟಿಕ ಪರ್ಯಾಯದ್ವೀಪದ ಕಡೆಯಿಂದ ಸಮುದ್ರದ ಪ್ರವಾಹ ಹೊತ್ತು ತರುತ್ತದೆ. ಪ್ರವಾಹ ಬರಿಗೈಲಿ ಬಂದ ವರ್ಷ ಪೆಂಗ್ವಿನ್ ಮರಿಗಳೂ ತುಪ್ಪಳದ ಸೀಲ್ ಮರಿಗಳೂ ಹಸಿದು ಸಾಯುತ್ತವೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 1904ರಲ್ಲಿ ದಕ್ಷಿಣ ಜಾರ್ಜಿಯಾದ ಗ್ರಿಟ್‌ವಿಕೆನ್‌ನಲ್ಲಿ ತಿಮಿಂಗಿಲ ಕೊಯ್ಯುವ ಮೊದಲ ನೆಲೆ ತೆರೆಯಿತು. ಮುಂದೆ, ಹಿಡಿದದ್ದನ್ನು ಹಡಗಿನ ಮೇಲೆಯೇ ಕೊಯ್ದು ಎಣ್ಣೆ ಕಾಯಿಸುವ ಕಾರ್ಖಾನೆ ಹಡಗುಗಳು ಬಂದವು. 1930-31ರ ಒಂದೇ ಋತುವಿನಲ್ಲಿ 29 ಸಾವಿರಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳು ಸತ್ತವು. 20ನೇ ಶತಮಾನದಲ್ಲಿ ದಕ್ಷಿಣಾರ್ಧಗೋಳದಲ್ಲಿ ಕೊಂದ ಎಲ್ಲ ಬಗೆಯ ತಿಮಿಂಗಿಲಗಳನ್ನು ಸೇರಿಸಿದರೆ ಸುಮಾರು 20 ಲಕ್ಷ. 1970ರ ದಶಕದ ಆರಂಭಕ್ಕೆ ಅಂಟಾರ್ಕ್ಟಿಕದ ನೀಲಿ ತಿಮಿಂಗಿಲಗಳು ಕೆಲವು ನೂರಕ್ಕೆ ಇಳಿದಿದ್ದವು. ಒಂದು ವಿಪರ್ಯಾಸ ಹೇಳಿ ಮುಂದೆ ಹೋಗುತ್ತೇನೆ: ಕ್ರಿಲ್ ಬಗ್ಗೆ ನಮಗೆ ಗೊತ್ತಿರುವ ಮೂಲ ಸಂಗತಿಗಳು ಬಂದದ್ದು 1925ರಲ್ಲಿ ಆರಂಭವಾದ ಬ್ರಿಟನ್ನಿನ ‘ಡಿಸ್ಕವರಿ’ ಸಮುದ್ರಯಾನಗಳಿಂದ, ಆ ಯಾನಗಳಿಗೆ ಹಣ ಬಂದದ್ದು ತಿಮಿಂಗಿಲದ ಎಣ್ಣೆಯ ಮೇಲೆ ಹಾಕಿದ ತೆರಿಗೆಯಿಂದ.

ಇಷ್ಟು ಬಾಯಿಗಳು ಮುಚ್ಚಿದ ಮೇಲೆ ಕ್ರಿಲ್ ಉಕ್ಕಿ ಹರಿಯಬೇಕಿತ್ತು. ಶತಮಾನದ ಮಧ್ಯದಲ್ಲಿ ಕೆಲವು ಪೆಂಗ್ವಿನ್‌ಗಳು, ಸೀಲ್‌ಗಳು ಹೆಚ್ಚಿದ್ದು ನಿಜ. ಮಿಗುತಾಯದ ಸಿದ್ಧಾಂತಕ್ಕೆ ಅದೇ ಆಧಾರವಾಗಿತ್ತು. ಆದರೆ ಕ್ರಿಲ್‌ನ ಪ್ರಳಯ ಎಲ್ಲೂ ಕಾಣಲಿಲ್ಲ. 2004ರಲ್ಲಿ ಹಳೆಯ ಬಲೆಗಳ ದಾಖಲೆಗಳನ್ನೆಲ್ಲ ಜೋಡಿಸಿ ನೋಡಿದ ವಿಜ್ಞಾನಿಗಳು, ಕ್ರಿಲ್ ಅತಿ ದಟ್ಟವಾಗಿರುವ ನೈಋತ್ಯ ಅಟ್ಲಾಂಟಿಕ್ ಭಾಗದಲ್ಲಿ 1970ರ ದಶಕದಿಂದೀಚೆಗೆ ಅದು ತೀವ್ರವಾಗಿ ಕುಸಿದಿದೆ ಎಂದರು. 2018ರಲ್ಲಿ ಇನ್ನೊಂದು ತಂಡ ಅದೇ ಬಗೆಯ ದಾಖಲೆಗಳನ್ನು ಬೇರೆ ರೀತಿಯಲ್ಲಿ ಲೆಕ್ಕ ಹಾಕಿ ಅಂಥ ಕುಸಿತ ಕಾಣುವುದಿಲ್ಲ ಎಂದಿತು. ನಿಮಗೆ ಎರಡು ಬಗೆಯ ಮಾತು ಸಿಕ್ಕಿದ್ದು ಇದರಿಂದಲೇ. ಬಲೆ ಬೇರೆ, ಹಡಗು ಬೇರೆ, ಎಸೆದ ಆಳ ಬೇರೆ, ಹಗಲು ರಾತ್ರಿ ಬೇರೆ. ಹಿಂಡು ಸಿಕ್ಕಿದರೆ ಬಲೆ ಹರಿಯುವಷ್ಟು, ಸಿಗದಿದ್ದರೆ ಸೊನ್ನೆ. ಇಂಥ ಅಂಕಿಗಳ ಮೇಲೆ ಜಗಳ ಬರುವುದು ಸಹಜ. ಕುಸಿತದ ಪ್ರಮಾಣದ ಬಗ್ಗೆ ನಾನು ಪಟ್ಟು ಹಿಡಿಯುವುದಿಲ್ಲ. ಎರಡು ತಂಡಗಳೂ ಜಗಳವಾಡದ ಒಂದು ಸಂಗತಿ ಮಾತ್ರ ನನಗೆ ಮುಖ್ಯ: ಕಾದಿದ್ದ ಮಿಗುತಾಯ ಬರಲೇ ಇಲ್ಲ.

ಒಗಟನ್ನು ಇನ್ನಷ್ಟು ಬಿಗಿ ಮಾಡುವ ಅಂಕಿ 2021ರಲ್ಲಿ ಬಂತು. ತಿಮಿಂಗಿಲಗಳ ಬೆನ್ನಿಗೆ ಅಂಟಿಸಿದ ಉಪಕರಣಗಳಿಂದ ಅವು ದಿನಕ್ಕೆ ಎಷ್ಟು ಸಲ ಬಾಯಿ ತೆರೆಯುತ್ತವೆ ಎಂದು ಎಣಿಸಿ ನೋಡಿದಾಗ, ನಾವು ಅಲ್ಲಿಯವರೆಗೆ ಹೇಳುತ್ತಿದ್ದುದು ತೀರಾ ಕಡಿಮೆ ಎಂದು ಗೊತ್ತಾಯಿತು. ಪೆಸಿಫಿಕ್‌ನ ಒಂದು ನೀಲಿ ತಿಮಿಂಗಿಲ ಮೇಯುವ ಕಾಲದಲ್ಲಿ ದಿನಕ್ಕೆ ಸರಾಸರಿ 16 ಟನ್ ಕ್ರಿಲ್ ತಿನ್ನುತ್ತದೆ. ನಾನು ಮಕ್ಕಳಿಗೆ ನಾಲ್ಕು ಟನ್ ಎಂದು ಪಾಠ ಮಾಡಿದ್ದೆ. ಈ ಹೊಸ ಲೆಕ್ಕದಂತೆ ಬೇಟೆ ಆರಂಭವಾಗುವ ಮೊದಲು ದಕ್ಷಿಣ ಸಾಗರದ ತಿಮಿಂಗಿಲಗಳು ವರ್ಷಕ್ಕೆ ಸುಮಾರು 43 ಕೋಟಿ ಟನ್ ಕ್ರಿಲ್ ತಿನ್ನುತ್ತಿದ್ದವು. ಇಂದು ಇರುವ ಕ್ರಿಲ್‌ನ ಒಟ್ಟು ತೂಕಕ್ಕಿಂತ ಹೆಚ್ಚು! ಅಷ್ಟು ತಿಂದರೂ ಖಾಲಿಯಾಗದೆ ಉಳಿದಿತ್ತೆಂದರೆ ಆಗ ಸಮುದ್ರ ಈಗಿನದಕ್ಕಿಂತ ಹೆಚ್ಚು ಬೆಳೆ ಕೊಡುತ್ತಿತ್ತು ಎಂದಾಯಿತು. ಹಾಗಾದರೆ ಬೆಳೆ ಕಡಿಮೆಯಾದದ್ದು ಏಕೆ?

ನಿಮ್ಮ ಕಡೆಯ ಅಡಿಕೆ ತೋಟದವರಿಗೆ ಇದರ ಉತ್ತರ ತಟ್ಟನೆ ಹೊಳೆಯುತ್ತದೆ ಎಂದು ನನ್ನ ಅಂದಾಜು. ದನಗಳು ಬ್ಯಾಣದ ಹುಲ್ಲು ಮೇಯ್ದು ಬಂದು ಕೊಟ್ಟಿಗೆಯಲ್ಲಿ ಮಲಗುತ್ತವೆ. ಬೆಟ್ಟದ ಸೊಪ್ಪು, ಸಗಣಿ, ಗಂಜಲ ಕಲೆತು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ದನ ಮಾರಿದರೆ ಹುಲ್ಲು ಉಳಿಯುತ್ತದೆ, ಖರ್ಚೂ ಉಳಿಯುತ್ತದೆ. ಮೂರು ನಾಲ್ಕು ವರ್ಷ ಬಿಟ್ಟು ತೋಟ ನೋಡಿದರೆ ಸೋಗೆ ಹಳದಿಗಟ್ಟಿರುತ್ತದೆ. ಹುಲಿ–ಜಿಂಕೆಯ ಪಾಠದಲ್ಲಿ ಹುಲಿ ತಿನ್ನುವುದಷ್ಟೇ ಲೆಕ್ಕಕ್ಕೆ ಬರುತ್ತದೆ. ತಿಮಿಂಗಿಲದ ವಿಷಯದಲ್ಲಿ ಅದು ಹಿಂದಿರುಗಿಸುವುದನ್ನೂ ಬರೆದುಕೊಳ್ಳಬೇಕು.

ದಕ್ಷಿಣ ಸಾಗರದಲ್ಲಿ ಸಾರಜನಕ, ರಂಜಕ ಧಾರಾಳವಾಗಿವೆ. ಇಲ್ಲದ್ದು ಕಬ್ಬಿಣ. ಬೇರೆ ಸಮುದ್ರಗಳಿಗೆ ಮರುಭೂಮಿಯ ಧೂಳು, ನದಿಗಳ ಹೂಳು ಕಬ್ಬಿಣ ತಂದು ಸುರಿಯುತ್ತವೆ. ಸುತ್ತಲೂ ನೀರು, ನಡುವೆ ಹಿಮಗಡ್ಡೆಯ ಖಂಡವಿರುವ ಈ ಸಾಗರಕ್ಕೆ ಅದು ಬರುವುದು ಅತ್ಯಲ್ಪ. ಭತ್ತದ ಗದ್ದೆಗೆ ಎಷ್ಟು ಯೂರಿಯಾ ಹಾಕಿದರೂ ಸತುವಿನ ಕೊರತೆಯಿದ್ದರೆ ಪೈರು ಕೆಂಪಾಗಿ ನಿಂತುಬಿಡುವುದಿಲ್ಲವೇ, ಹಾಗೆ ಇಲ್ಲಿ ಪಾಚಿ ಕಬ್ಬಿಣಕ್ಕಾಗಿ ಕಾದು ನಿಂತಿರುತ್ತದೆ. ಇರುವ ಅಷ್ಟಿಷ್ಟು ಕಬ್ಬಿಣವನ್ನು ಪಾಚಿ ಹೀರುತ್ತದೆ, ಪಾಚಿಯಿಂದ ಅದು ಕ್ರಿಲ್‌ನ ಮೈ ಸೇರುತ್ತದೆ. 2010ರಲ್ಲಿ ಆಸ್ಟ್ರೇಲಿಯಾದ ಸ್ಟೀಫನ್ ನಿಕೋಲ್ ಮತ್ತು ಸಂಗಡಿಗರು ಲೆಕ್ಕ ಹಾಕಿದಂತೆ, ಕ್ರಿಲ್ ವಾಸಿಸುವ ಮೇಲ್ನೀರಿನಲ್ಲಿರುವ ಕಬ್ಬಿಣದ ಸುಮಾರು ಕಾಲು ಭಾಗ ಕ್ರಿಲ್‌ಗಳ ಮೈಯೊಳಗೇ ಇದೆ. ತಿಮಿಂಗಿಲ ಕ್ರಿಲ್ ತಿಂದು ಕೊಬ್ಬು ಕಟ್ಟಿಕೊಳ್ಳುತ್ತದೆ. ಕೊಬ್ಬಿಗೆ ಕಬ್ಬಿಣ ಬೇಕಿಲ್ಲ. ಆದ್ದರಿಂದ ತಿಂದ ಕಬ್ಬಿಣದಲ್ಲಿ ಹೆಚ್ಚಿನದು ಲದ್ದಿಯಾಗಿ ಹೊರಬೀಳುತ್ತದೆ. (ದನದ್ದು ಸಗಣಿ, ಆಡಿನದು ಹಿಕ್ಕೆ, ಆನೆಯದು ಲದ್ದಿ, ತಿಮಿಂಗಿಲಕ್ಕೆ ನಮ್ಮ ಹಿರಿಯರು ಹೆಸರಿಟ್ಟಿಲ್ಲ, ಗಾತ್ರ ನೋಡಿ ಆನೆಯ ಸಾಲಿಗೆ ಸೇರಿಸಿದ್ದೇನೆ.) ಅದೇ ತಂಡ ಲದ್ದಿಯನ್ನು ಪರೀಕ್ಷಿಸಿದಾಗ ಅದರಲ್ಲಿನ ಕಬ್ಬಿಣದ ಸಾಂದ್ರತೆ ಸುತ್ತಲಿನ ಸಮುದ್ರದ ನೀರಿಗಿಂತ ಸುಮಾರು ಒಂದು ಕೋಟಿ ಪಟ್ಟು ಹೆಚ್ಚಿತ್ತು.

ತಿಮಿಂಗಿಲ ಆಳಕ್ಕೆ ಮುಳುಗಿ ಮೇಯುತ್ತದೆ, ಉಸಿರಾಡಲು ಮೇಲೆ ಬಂದು ಅಲ್ಲಿ ಲದ್ದಿ ಹಾಕುತ್ತದೆ. ಅದು ಗಟ್ಟಿಯಾಗಿ ಮುಳುಗುವುದಿಲ್ಲ, ಕೆಂಪು ಮೋಡದಂತೆ ನೀರಿನಲ್ಲಿ ಹರಡುತ್ತದೆ, ಬಿಸಿಲು ಬೀಳುವ ಜಾಗದಲ್ಲೇ, ಪಾಚಿ ಇರುವ ಕಡೆಯೇ. ಕೊಟ್ಟಿಗೆ ಗೊಬ್ಬರ ತೋಟಕ್ಕೆ ಹೊತ್ತಂತೆ. ತಳದ ಕಬ್ಬಿಣವನ್ನು ಮೇಲಕ್ಕೆ ತರುವ ಈ ಕೆಲಸವನ್ನು ಕ್ರಿಲ್ ತಾನೂ ಮಾಡುತ್ತದೆ: ಕೆಲವು ಕ್ರಿಲ್‌ಗಳು ಮೂರು ಸಾವಿರ ಮೀಟರಿಗೂ ಕೆಳಗೆ, ಸಮುದ್ರದ ತಳದಲ್ಲಿ ಮೇಯುತ್ತಿದ್ದುದನ್ನು ಕ್ಯಾಮೆರಾಗಳು ಕಂಡಿವೆ.

ಕಬ್ಬಿಣ ಹಾಕಿದರೆ ಪಾಚಿ ಬೆಳೆಯುತ್ತದೆಯೇ ಎಂದು ಸಮುದ್ರದಲ್ಲೇ ಪರೀಕ್ಷಿಸಿದವರಲ್ಲಿ ಭಾರತೀಯರೂ ಇದ್ದಾರೆ. 2009ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಸೇರಿ ‘ಪೋಲಾರ್‌ಸ್ಟರ್ನ್’ ಹಡಗಿನಿಂದ ‘ಲೋಹಾಫೆಕ್ಸ್’ ಎಂಬ ಪ್ರಯೋಗ ನಡೆಸಿದವು. ಹೆಸರಿನಲ್ಲಿರುವ ‘ಲೋಹಾ’ ಹಿಂದಿಯದು. ನಮಗೆ ಲೋಹವೆಂದರೆ ಚಿನ್ನವೂ ಆಗಬಹುದು, ಅವರಿಗೆ ಕಬ್ಬಿಣ. ದಕ್ಷಿಣ ಅಟ್ಲಾಂಟಿಕ್‌ನಲ್ಲಿ 300 ಚದರ ಕಿಲೋಮೀಟರ್ ಜಾಗಕ್ಕೆ ಕಬ್ಬಿಣದ ಸಲ್ಫೇಟ್ ಬೆರೆಸಿದರು. ಪಾಚಿ ಚಿಗುರಿತು, ಆದರೆ ಡಯಾಟಮ್‌ಗಳಿಗೆ ಚಿಪ್ಪು ಕಟ್ಟಲು ಬೇಕಾದ ಸಿಲಿಕಾ ಅಲ್ಲಿನ ನೀರಿನಲ್ಲಿ ಸಾಲದೆ ಅವು ಏಳಲಿಲ್ಲ. ಬೆಳೆದ ಸಣ್ಣ ಪಾಚಿಯನ್ನು ಕೋಪೆಪಾಡ್ ಎಂಬ ಸೂಕ್ಷ್ಮ ಕಠಿಣಚರ್ಮಿಗಳು ಮೇಯ್ದುಬಿಟ್ಟವು. ಗಾಳಿಯ ಇಂಗಾಲವನ್ನು ಸಮುದ್ರದ ತಳಕ್ಕೆ ಅಟ್ಟುವ ಆಸೆಯಿದ್ದವರಿಗೆ ನಿರಾಶೆಯಾಯಿತು. ನನಗಂತೂ ಆ ಫಲಿತಾಂಶ ಬಹಳ ಹಿಡಿಸಿತು. ಹಡಗಿನಿಂದ ಒಮ್ಮೆ ಸುರಿದ ರಾಸಾಯನಿಕ ಬೇರೆ, ಸಾವಿರಾರು ವರ್ಷ ಅದೇ ನೀರಿನಲ್ಲಿ ತಿಂದು ತೇಗಿದ ಹಿಂಡಿನ ಗೊಬ್ಬರ ಬೇರೆ.

ತಿಮಿಂಗಿಲದ ಗೊಬ್ಬರ ಹೋದದ್ದೇ ಕ್ರಿಲ್ ಕೊರತೆಗೆ ಪೂರ್ತಿ ಕಾರಣವೇ? ಅಲ್ಲ ಎನ್ನುವುದು ನನ್ನ ಅಭಿಪ್ರಾಯ. ಲದ್ದಿಯಲ್ಲಿ ಕಬ್ಬಿಣವಿರುವುದು ಖಚಿತ. ಇಡೀ ಸಾಗರದ ಬೆಳೆಯನ್ನು ಅದು ಎಷ್ಟು ಏರಿಸುತ್ತಿತ್ತು ಎಂಬುದು ಇನ್ನೂ ಲೆಕ್ಕದ ಹಂತದಲ್ಲೇ ಇದೆ. ಅದರ ಜೊತೆಗೆ ಹಿಮದ ಕಥೆ ಇದೆ. ಕ್ರಿಲ್ ಬೇಸಿಗೆಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ, ಮೊಟ್ಟೆಗಳು ಮುಳುಗುತ್ತ ಮುಳುಗುತ್ತ ನೂರಾರು ಮೀಟರ್ ಆಳದ ಕತ್ತಲಲ್ಲಿ ಒಡೆಯುತ್ತವೆ, ಮರಿಗಳು ವಾರಗಟ್ಟಲೆ ಈಜಿ ಮೇಲೆ ಬರುತ್ತವೆ. ಮೊದಲ ಚಳಿಗಾಲ ಅವುಗಳಿಗೆ ಅಗ್ನಿಪರೀಕ್ಷೆ. ದೊಡ್ಡವರಂತೆ ತಿಂಗಳುಗಟ್ಟಲೆ ಉಪವಾಸವಿರುವ ಶಕ್ತಿ ಅವಕ್ಕಿಲ್ಲ. ಹಿಮದಡಿಯ ಪಾಚಿಯೇ ಗತಿ. 20ನೇ ಶತಮಾನದ ಉತ್ತರಾರ್ಧದಲ್ಲಿ ಅಂಟಾರ್ಕ್ಟಿಕ ಪರ್ಯಾಯದ್ವೀಪದ ಗಾಳಿ ಸುಮಾರು ಮೂರು ಡಿಗ್ರಿ ಬಿಸಿಯಾಯಿತು, ಆ ಭಾಗದ ಕಡಲ ಹಿಮದ ಕಾಲ ಕುಗ್ಗಿತು. 2023ರ ಚಳಿಗಾಲದಲ್ಲಂತೂ ಇಡೀ ಅಂಟಾರ್ಕ್ಟಿಕದ ಸುತ್ತ ಹಿಮ ಹರಡಿದ ವಿಸ್ತಾರ ಉಪಗ್ರಹ ದಾಖಲೆಗಳಲ್ಲೇ ಅತಿ ಕಡಿಮೆ. ನೈಋತ್ಯ ಅಟ್ಲಾಂಟಿಕ್‌ನಲ್ಲಿ ಕ್ರಿಲ್‌ಗಳು ದಟ್ಟವಾಗಿರುವ ಜಾಗ ಸುಮಾರು 90 ವರ್ಷಗಳಲ್ಲಿ 440 ಕಿಲೋಮೀಟರಿನಷ್ಟು ದಕ್ಷಿಣಕ್ಕೆ ಸರಿದಿದೆ ಎಂದು 2019ರ ಅಧ್ಯಯನ ಹೇಳುತ್ತದೆ. ದಕ್ಷಿಣಕ್ಕೆ ಸರಿಯುತ್ತ ಹೋದರೆ ಮುಂದೆ ಸಿಗುವುದು ಖಂಡ. ಅಲ್ಲಿಂದಾಚೆ ಈಜಲು ನೀರಿಲ್ಲ.

ಇದರ ನಡುವೆ ತಿಮಿಂಗಿಲಗಳು ಹಿಂದಿರುಗುತ್ತಿವೆ ಎಂಬುದನ್ನು ಮಕ್ಕಳಿಗೆ ಅಗತ್ಯವಾಗಿ ಹೇಳಿ. ಬ್ರೆಜಿಲ್ ತೀರದಲ್ಲಿ ಮರಿಹಾಕಿ ದಕ್ಷಿಣಕ್ಕೆ ಮೇಯಲು ಹೋಗುವ ಗೂನುಬೆನ್ನಿನ ತಿಮಿಂಗಿಲಗಳು ಒಂದು ಕಾಲಕ್ಕೆ ಸುಮಾರು 450 ಉಳಿದಿದ್ದವು. ಈಗ 25 ಸಾವಿರದ ಸಮೀಪ. ಅಂಟಾರ್ಕ್ಟಿಕ ಪರ್ಯಾಯದ್ವೀಪದ ತುದಿಯಲ್ಲಿರುವ ಎಲಿಫೆಂಟ್ ದ್ವೀಪದ ಬಳಿ ನೂರಕ್ಕೂ ಹೆಚ್ಚು ಫಿನ್ ತಿಮಿಂಗಿಲಗಳು ಒಟ್ಟಿಗೆ ಮೇಯುವುದನ್ನು ಇತ್ತೀಚೆಗೆ ಮತ್ತೆ ಕಂಡಿದ್ದಾರೆ. ಅದೇ ದ್ವೀಪದ ಚಿನ್‌ಸ್ಟ್ರಾಪ್ ಪೆಂಗ್ವಿನ್‌ಗಳು ಮಾತ್ರ 1971ಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕಡಿಮೆಯಾಗಿವೆ.

ಆ ನೀರಿನಲ್ಲಿ ಈಗ ಮೂರನೆಯ ಗಿರಾಕಿಯೂ ಇದ್ದಾನೆ. ಕ್ರಿಲ್ ಹಿಡಿಯುವ ಹಡಗುಗಳಲ್ಲಿ ನಾರ್ವೆಯದು ಸಿಂಹಪಾಲು. ಚೀನಾ, ದಕ್ಷಿಣ ಕೊರಿಯಾ, ಚಿಲಿ, ಉಕ್ರೇನ್ ಸಹ ಇವೆ. ಸೋವಿಯತ್ ಕಾಲದಲ್ಲಿ ಕ್ರಿಲ್ ಅನ್ನು ಜನರಿಗೆ ತಿನ್ನಿಸುವ ಪ್ರಯತ್ನ ನಡೆಯಿತು, ರುಚಿಗೆ ಒಗ್ಗಲಿಲ್ಲ. ಸತ್ತ ಕೂಡಲೇ ಅದರ ಹೊಟ್ಟೆಯ ಕಿಣ್ವಗಳು ಮಾಂಸವನ್ನು ಕರಗಿಸತೊಡಗುತ್ತವೆ, ಚಿಪ್ಪಿನ ಫ್ಲೋರೈಡ್ ಮಾಂಸಕ್ಕೆ ಇಳಿಯುತ್ತದೆ. ಈಗ ಹಿಡಿದದ್ದರಲ್ಲಿ ಹೆಚ್ಚಿನದು ಪುಡಿಯಾಗಿ ಸಾಕಿದ ಸಾಲ್ಮನ್ ಮೀನಿನ ಮೇವಾಗುತ್ತದೆ. ಒಂದು ಪಾಲು ಎಣ್ಣೆ, ನಿಮ್ಮ ಮಗ ಕಳಿಸಿದ ಮಾತ್ರೆಯೊಳಗಿನದು.

ಹಿಡಿಯುವುದಕ್ಕೆ ಮಿತಿಯಿದೆ. 1982ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಒಪ್ಪಂದವೊಂದರ ಅಡಿಯಲ್ಲಿ, ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಕಚೇರಿಯಿರುವ ಆಯೋಗ ಇದನ್ನು ನಿರ್ಧರಿಸುತ್ತದೆ. ಭಾರತವೂ ಅದರ ಸದಸ್ಯ. ಮೀನುಗಾರರಿಗೆ ಎಷ್ಟು ಬೇಕು ಎಂದಷ್ಟೇ ಕೇಳದೆ ಪೆಂಗ್ವಿನ್, ತಿಮಿಂಗಿಲಕ್ಕೆ ಎಷ್ಟು ಉಳಿಯಬೇಕು ಎಂದೂ ಕೇಳಬೇಕೆಂಬ ನಿಯಮ ಮೊದಲೇ ಬರೆದುಕೊಂಡ ಅಪರೂಪದ ಆಯೋಗ ಇದು. ನೈಋತ್ಯ ಅಟ್ಲಾಂಟಿಕ್ ಭಾಗಕ್ಕೆ ವರ್ಷಕ್ಕೆ 6.2 ಲಕ್ಷ ಟನ್ ಮಿತಿ. ಅಲ್ಲಿರುವ ಕ್ರಿಲ್‌ನ ಅಂದಾಜಿನಲ್ಲಿ ಇದು ಶೇ. 1ರಷ್ಟು ಮಾತ್ರ, ಆದ್ದರಿಂದ ಗಾಬರಿ ಬೇಡ ಎನ್ನುತ್ತಾರೆ ಕಂಪನಿಯವರು. ಶೇಕಡಾವಾರು ಸರಿಯೇ, ಆದರೆ ಇಡೀ ತಾಲ್ಲೂಕಿನ ಬಾವಿಗಳ ನೀರು ಅಳೆದು, ಶೇ. 1ರಷ್ಟನ್ನೇ ಎತ್ತುತ್ತೇವೆಂದು ಹೇಳಿ, ಅಷ್ಟನ್ನೂ ಒಂದೇ ಕೇರಿಯ ಬಾವಿಯಿಂದ ಎತ್ತಿದರೆ ಆ ಕೇರಿಯವರು ಏನು ಮಾಡಬೇಕು? ಮರಿಗಳಿಗೆ ಉಣಿಸುವ ಪೆಂಗ್ವಿನ್ ಗೂಡಿನಿಂದ ಬಹಳ ದೂರ ಹೋಗಲಾರದು. ಹಡಗು ಬರುವುದೂ ಹಿಂಡು ದಟ್ಟವಾಗಿರುವ ಅದೇ ದಡದ ನೀರಿಗೆ. ಹಿಡಿತವನ್ನು ಬೇರೆ ಬೇರೆ ಉಪವಲಯಗಳಿಗೆ ಹಂಚಬೇಕೆಂಬ ನಿಯಮವೊಂದಿತ್ತು. 2024ರಲ್ಲಿ ಸದಸ್ಯ ದೇಶಗಳಲ್ಲಿ ಒಮ್ಮತ ಬಾರದೆ ಅದು ಬಿದ್ದುಹೋಯಿತು. ಮರುವರ್ಷವೇ, 2025ರ ಆಗಸ್ಟ್ ಹೊತ್ತಿಗೆ, ಮೊದಲ ಬಾರಿಗೆ ಮಿತಿ ಪೂರ್ತಿ ಮುಟ್ಟಿ ಹಿಡಿಯುವುದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಈ ಹಂಚಿಕೆಯ ನಿಯಮ ಮರಳಿ ಬರುವುದು ಒಟ್ಟು ಮಿತಿಯನ್ನು ಇಳಿಸುವುದಕ್ಕಿಂತ ತುರ್ತು ಎಂದು ನಾನು ತಿಳಿದಿದ್ದೇನೆ.

ನಿಮ್ಮ ತರಗತಿಗೆ ಹೀಗೆ ಹೇಳಬಹುದು: ಹೆಚ್ಚಾಗಿರಬೇಕು ಎಂದು ವಿಜ್ಞಾನಿಗಳೂ ನಂಬಿದ್ದರು, ಹುಡುಕಿದರು, ಸಿಗಲಿಲ್ಲ. ಹಲಗೆಯ ಮೇಲೆ ಡಯಾಟಮ್, ಕ್ರಿಲ್, ತಿಮಿಂಗಿಲ ಎಂದು ಬಾಣ ಎಳೆದ ಮೇಲೆ ತಿಮಿಂಗಿಲದಿಂದ ಡಯಾಟಮ್‌ಗೆ ಇನ್ನೊಂದು ಬಾಣ ಹಿಂದಕ್ಕೆ ಎಳೆದು, ಅದರ ಮೇಲೆ ‘ಕಬ್ಬಿಣ’ ಎಂದು ಬರೆಯಿರಿ. ನಗುವವರು ನಗಲಿ, ಲದ್ದಿಯ ಪಾಠ ಯಾರೂ ಮರೆಯುವುದಿಲ್ಲ.

ಇನ್ನು ಮಾತ್ರೆ. ನಾನು ವೈದ್ಯನಲ್ಲ, ನಿಮಗೆ ಅದು ಬೇಕೋ ಬೇಡವೋ ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು, ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ಅವರನ್ನು ಕೇಳದೆ ನುಂಗಬೇಡಿ. ಸಿಗಡಿ ಒಗ್ಗದವರಿಗೆ ಕ್ರಿಲ್ ಕೂಡ ಒಗ್ಗದಿರಬಹುದು. ನನ್ನ ವಿಷಯಕ್ಕೆ ಸೇರಿದ ಒಂದು ಮಾತು ಹೇಳಬಲ್ಲೆ. ಅದರೊಳಗಿನ ಒಮೆಗಾ-3 ಕೊಬ್ಬನ್ನು ಕ್ರಿಲ್ ತಾನಾಗಿ ತಯಾರಿಸಿದ್ದಲ್ಲ, ಪಾಚಿ ತಿಂದು ಪಡೆದದ್ದು. ಬೂತಾಯಿಯದೂ ಅದೇ ದಾರಿ. ಮೀನು ತಿನ್ನುವವರಾದರೆ ಹೊನ್ನಾವರ, ಭಟ್ಕಳದಿಂದ ಘಟ್ಟ ಹತ್ತಿ ಬರುವ ಬೂತಾಯಿಯಲ್ಲಿ ಅದು ಬೇಕಾದಷ್ಟಿದೆ. ತಿನ್ನದವರಾದರೆ ನೇರವಾಗಿ ಪಾಚಿಯಿಂದಲೇ ತೆಗೆದ ಎಣ್ಣೆಯ ಮಾತ್ರೆಗಳೂ ಅಂಗಡಿಯಲ್ಲಿವೆ.